ತಿದ್ದುಪಡಿ ಚೀಟಿ

ಚಳ್ಳಕೆರೆ ತಾಲ್ಲೂಕು ಕಚೇರಿ ಎದುರಿಗೆ ನಮ್ಮ ಜೆರಾಕ್ಸ್ ಅಂಗಡಿ.
ಪಹಣಿ, ಜಾತಿ ಪತ್ರ, ಬದುಕಿದ್ದೇವೆ ಅನ್ನುವುದಕ್ಕೊಂದು ಪ್ರಮಾಣ,
ಯಾವುದಾದರೂ ಸರಿ, ಹಾಳೆಗೆ ಎರಡು ರೂಪಾಯಿ.
ಮೊನ್ನೆ ಬೋಸಯ್ಯನವರ ಅಳಿಯ
ಒಂದು ಗೋಣಿಚೀಲ ತಂದು ಕೌಂಟರಿನ ಮೇಲೆ ಕುಕ್ಕಿದ:
"ಮಾವನಿಗೆ ಎಂಬತ್ತೈದು ತುಂಬುತ್ತೆ ಪಾಪಕ್ಕ,
ದಿಲ್ಲೀಲಿ ಏನೇನು ಮಾಡಿದರು ಅಂತ
ಎರಡು ಪುಟ ಟೈಪ್ ಮಾಡಿಕೊಡು, ಪುಸ್ತಕಕ್ಕೆ."

ಚೀಲದಲ್ಲಿ ಐದು ವರ್ಷದ ಸದನ,
ಅಂಚನ್ನು ಗೆದ್ದಲು ಓದಿ ಮುಗಿಸಿತ್ತು.

ಹಾಜರಿ, ನೂರಕ್ಕೆ ಅರವತ್ತೊಂದು.
ಪ್ರಶ್ನೆ ನೂರಾ ನಲವತ್ತು, ಅದರಲ್ಲಿ ರೈಲು ಮೂವತ್ತೆರಡು ಸಲ.
ಉತ್ತರ ಮೂವತ್ತೆರಡು ಸಲವೂ ಪರಿಶೀಲನೆಯಲ್ಲಿದೆ.
ಒಮ್ಮೆ ಟೈಪ್ ಮಾಡಿ ಉಳಿದದ್ದು ಕಾಪಿ ಹೊಡೆದೆ,
ಮಂತ್ರಿಯೂ ಹಾಗೇ ಮಾಡಿರಬೇಕು.
ಭಾಷಣ ಏಳು. ಒಂದರಲ್ಲಿ ಗಂಟೆ ಬಾರಿಸಿ ಕೂರಿಸಿದ್ದಾರೆ,
"ನಮ್ಮ ಕಡೆ ಕಂಬಳಿ ನೇಯುವವರು"
ಅಂದಿದ್ದಷ್ಟೇ, ಆಮೇಲೆ ಬರೀ ಚುಕ್ಕೆ.
ಖಾಸಗಿ ಮಸೂದೆ ಒಂದು, ಒಂದು ಶುಕ್ರವಾರ ಹುಟ್ಟಿ
ಸದನ ಮುಗಿದ ದಿನ ಅದೂ ತೀರಿಕೊಂಡಿದೆ.

ಮತ ಎಲ್ಲಿ ಅಂತ ಹುಡುಕಿದೆ.
ಕಾನೂನು ಮುಕ್ಕಾಲು ಪಾಲು ಧ್ವನಿಮತದಲ್ಲೇ ಆಗಿಹೋಗಿವೆ.
ಹೌದೆನ್ನುವವರು ಹೌದೆನ್ನಿ, ಇಲ್ಲವೆನ್ನುವವರು ಇಲ್ಲವೆನ್ನಿ,
ಭಾನುವಾರದ ಕುರಿಸಂತೆಯ ಕೂಗಿನ ಹಾಗೆ,
ಯಾವ ಬಾಯಿ ಯಾರದು, ಬರೆದಿಟ್ಟವರಿಲ್ಲ.
ಹೆಸರು ಹಿಡಿದು ಎಣಿಸಿದ್ದು ಹನ್ನೊಂದೇ ಸಲ.
ಹತ್ತರಲ್ಲಿ ಹೌದು. ಪಕ್ಷ ಅಂದಿತ್ತು, ಇವರೂ ಅಂದರು.

ಹನ್ನೊಂದನೆಯದು ಕಾವಲು ವರ್ಗಾವಣೆ ಮಸೂದೆ.

ನಮ್ಮ ಹಟ್ಟಿಯ ಪಡುವಲಿಗೆ ದೇವರ ಎತ್ತು ಮೇಯುತ್ತಿದ್ದ ಕಾವಲು,
ಈಗ ಅಲ್ಲಿ ಮುಳ್ಳುತಂತಿ, ತಂತಿಯ ಮೇಲೆ ಯಾರದೋ ಬೋರ್ಡು.
ಅಪ್ಪ ಆ ವರ್ಷ ಎತ್ತು ಹೊಡಕೊಂಡು ಆಂಧ್ರದ ಕಡೆ ಹೋದ,
ಹಿಂದೆ ಬಂದಾಗ ಎತ್ತು ಕಮ್ಮಿ ಇದ್ದವು, ಮಾತೂ.
ಆದರೂ ಮುಂದಿನ ಚುನಾವಣೇಲಿ ಬೋಸಯ್ಯನಿಗೇ ಒತ್ತಿದ,
ಅಪ್ಪನ ಬೆರಳು ತಪ್ಪಲಿಲ್ಲ. ಬೋಸಯ್ಯ ಸೋತರು.

ಇಲ್ಲ ಎಂದವರ ಪಟ್ಟಿಯಲ್ಲಿ ಅವರ ಹೆಸರಿತ್ತು.
ಕನ್ನಡಕ ಒರೆಸಿ ಮತ್ತೆ ನೋಡಿದೆ, ಇತ್ತು.
ಪಕ್ಕಕ್ಕೊಂದು ನಕ್ಷತ್ರ. ಪುಟದ ಬುಡದಲ್ಲಿ ಇರುವೆ ಸಾಲಿನಂಥ ಅಕ್ಷರ:
ತಪ್ಪಾಗಿ ಇಲ್ಲ ಎಂದು ಮತ ಹಾಕಿದ್ದಾರೆ.
ಚೀಟಿ ಕೊಟ್ಟು ಹೌದು ಎಂದು ತಿದ್ದಿಸಿಕೊಂಡಿದ್ದಾರೆ.

ಅಳಿಯನಿಗೆ ಫೋನು ಮಾಡಿದೆ.
"ಹೌದು ಅಂತ ಹಾಕು, ನಕ್ಷತ್ರ ಗಿಕ್ಷತ್ರ ಬೇಡ" ಅಂದ.

ಚೀಲದ ತಳದಲ್ಲಿ ಹೊಸ ಸದಸ್ಯರಿಗೆ ಕೊಡುವ ಪುಟ್ಟ ಕೈಪಿಡಿ.
ಮೊದಲ ಗಂಟೆಗೆ ಒಂದು ಕೈಯಲ್ಲಿ ಸ್ವಿಚ್ಚು,
ಇನ್ನೊಂದರಲ್ಲಿ ಬಣ್ಣದ ಗುಂಡಿ, ಒಟ್ಟಿಗೆ ಒತ್ತಿ ಹಿಡಿಯಬೇಕಂತೆ.
ಹತ್ತು ಸೆಕೆಂಡು. ಎರಡನೇ ಗಂಟೆಯ ತನಕ ಬಿಡಕೂಡದು.
ಮೇಜಿನ ಮೇಲೆ ಎರಡೂ ಕೈ ಊರಿ ಒತ್ತಿ ನೋಡಿದೆ.
ಹತ್ತು ಸೆಕೆಂಡು ಸಣ್ಣದಲ್ಲ.
ಚಿತ್ರದುರ್ಗದ ಬಸ್ಸು ಬಂದು, ಮೂವರನ್ನು ಇಳಿಸಿ, ಹೊರಟೇ ಹೋಯಿತು.

ಬುಧವಾರ ಅವರೇ ಬಂದರು, ಕೋಲೂರಿಕೊಂಡು,
ಪಿಂಚಣಿಗೆ ಜೀವಂತ ಪ್ರಮಾಣಪತ್ರದ ಎರಡು ಪ್ರತಿ ಬೇಕಿತ್ತು.
ಮಿಷನ್ನಿನ ಹಸಿರು ಬೆಳಕು ಅವರ ಮುಖದ ಮೇಲೆ
ಎರಡು ಸಲ ಹಾದುಹೋಯಿತು. ಕೇಳಿದೆ:
"ಅಯ್ಯಾ, ಆವತ್ತು ಕೆಂಪು ಗುಂಡಿ..."
ಅಂಗೈ ಮಗುಚಿ ನೋಡಿಕೊಂಡರು, ತುಸು ಹೊತ್ತು.
"ಕುರಿ ಉಣ್ಣೆ ಕತ್ತರಿಸಿದ ಕೈ ಕಣವ್ವಾ. ಅಲ್ಲಿ ಗುಂಡಿ ಬಲು ಸಣ್ಣವು.
ಎಷ್ಟಾತು?"

"ನಾಲ್ಕು ರೂಪಾಯಿ."

ಜೇಬಿನಿಂದ ಚಿಲ್ಲರೆ ಸುರಿದು, ಅದರೊಳಗಿನ
ಒಂದೊಂದು ರೂಪಾಯಿಯ ನಾಲ್ಕು ಬಿಲ್ಲೆ ಆರಿಸಿ,
ಒಂದೊಂದಾಗಿ, ಬೆರಳ ತುದಿಯಲ್ಲಿ ಒತ್ತಿ,
ನನ್ನ ಕಡೆ ಸರಿಸಿದರು. ಒಂದೂ ಜಾರಲಿಲ್ಲ.

ಹೌದು ಎಂದು ಟೈಪ್ ಮಾಡಿದ್ದೇನೆ, ಪಕ್ಕಕ್ಕೆ ನಕ್ಷತ್ರ.
ಬುಡದ ಸಾಲು ಇನ್ನೂ ಖಾಲಿ ಇದೆ.
ನಾಳೆ ಅಳಿಯ ಬರುತ್ತಾನೆ.